ಓದಿನ ಗಂಟೆಗೂ ಒಂದು ಉದ್ಘಾಟನೆ

ಬಹಳ ಹಿಂದೆ, ಸಮಯವಿನ್ನೂ ಸರ್ಕಾರಿ ಇಲಾಖೆಯಾಗಿರದ ಕಾಲದಲ್ಲಿ, ಸುಮುಹೂರ್ತಪುರವೆಂಬ ಒಂದು ರಾಜ್ಯವಿತ್ತು. ಅಲ್ಲಿ ಉದ್ಘಾಟನೆಯಾಗದೆ ಯಾವ ಕೆಲಸವೂ ಶುರುವಾಗುತ್ತಿರಲಿಲ್ಲ. ಬಾವಿಯ ಹಗ್ಗ ಬದಲಿಸಿದರೂ ದೀಪ ಬೆಳಗಿ, ಸ್ವಾಗತ ಕೋರಿ, ಹಾರ ಹಾಕಿ, ವಂದನಾರ್ಪಣೆ ಮುಗಿದ ಮೇಲೆಯೇ ನೀರು. ಅಷ್ಟರಲ್ಲಿ ಬಾಯಾರಿದವರು ಮನೆಗೆ ಹೋಗಿರುತ್ತಿದ್ದರು. ಸಮಾರಂಭ ಮಾತ್ರ ಯಶಸ್ವಿಯಾಗಿರುತ್ತಿತ್ತು.

ಆ ಊರಿನ ಗಾಣದ ಕೆಂಚಪ್ಪ ಸೆರೆಮನೆಯಲ್ಲಿದ್ದ. ಮಂತ್ರಿ ಸ್ತುತಿಸಾಗರರ ಎತ್ತು ಇವನ ಹಿಂಡಿ ಕದ್ದು ತಿಂದಿತ್ತು. ಎತ್ತಿಗೆ ಹೊಟ್ಟೆ ಉಬ್ಬರಿಸಿತೆಂದು ಇವನ ಮೇಲೆಯೇ ಮೊಕದ್ದಮೆ. ವಕೀಲರೆಲ್ಲ ಮಂತ್ರಿಗಳ ಮನೆಯಲ್ಲಿ ಉಂಡವರು, ಇವನ ಪರ ಯಾರು ನಿಲ್ಲುತ್ತಾರೆ? ನ್ಯಾಯಶಾಲೆಯ ಪ್ರವೇಶ ಪರೀಕ್ಷೆ ಪಾಸಾದವರಿಗೆ ಸ್ವಂತ ಮನೆಯವರ ಪರ ವಾದಿಸುವ ಹಕ್ಕಿತ್ತು. ಮಗಳು ತುಂಗವ್ವ ಹಟ ಹಿಡಿದು, ಗಾಣ ಸುತ್ತುವ ಹೊತ್ತಿನಲ್ಲೇ ಪಕ್ಕದಲ್ಲಿ ಕೂತು ಓದತೊಡಗಿದಳು. ಚೆನ್ನಾಗಿಯೇ ಓದುತ್ತಿದ್ದಳು.

ಅಷ್ಟರಲ್ಲಿ, ಹಿಂದಿನ ವರ್ಷ ಆ ಪರೀಕ್ಷೆಯಲ್ಲಿ ಬಹುಮಂದಿ ನಪಾಸಾಗಲು ಸಮಯ ನಿರ್ವಹಣೆಯ ಕೊರತೆಯೇ ಕಾರಣವೆಂಬ ವರದಿ ಮಹಾರಾಜ ದೀರ್ಘವರ್ಮರ ಸನ್ನಿಧಾನಕ್ಕೆ ಬಂತು.

"ಶುಭಾರಂಭವಿಲ್ಲದೆ ಓದಿದರೆ ಸಮಯ ಹೇಗೆ ನಿಂತೀತು?" ಎಂದರು ಪ್ರಭುಗಳು.

"ಪ್ರಭುಗಳು ಬಾಯಿ ತೆರೆದರೆ ಅದೇ ಮಾರ್ಗಸೂಚಿ," ಎಂದರು ಸ್ತುತಿಸಾಗರರು. "ಇಂದೇ ಪ್ರಾಧಿಕಾರ ರಚಿಸಿ ಫಲಾನುಭವಿಗಳನ್ನು ಗುರುತಿಸುತ್ತೇವೆ."

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಸ್ಥಾನವದು. ಡಂಗುರ ಸಾರಿಯೇಬಿಟ್ಟರು: ಓದಿನ ಪ್ರತಿ ಗಂಟೆಯನ್ನೂ ಗಣ್ಯರೇ ಉದ್ಘಾಟಿಸತಕ್ಕದ್ದು. ಉದ್ಘಾಟನೆಯಾಗದ ಗಂಟೆಯಲ್ಲಿ ಓದಿದರೆ ಅದು ಅನಧಿಕೃತ ಓದು, ಶಿಕ್ಷಾರ್ಹ.

ಮರುದಿನವೇ ಗಾಣದ ಮುಂದೆ ಶಾಮಿಯಾನ ಎದ್ದಿತು. ದೀಪಕ್ಕೆ ತುಂಗವ್ವನದೇ ಎಣ್ಣೆ. ಗಣ್ಯರು ತಡವಾಗಿ ಬಂದು ಸಮಯಪಾಲನೆಯ ಬಗ್ಗೆ ಮಾತಾಡಿದರು. ಮಾತು ಮುಗಿಯುವುದರೊಳಗೆ ಆ ಗಂಟೆಯೂ ಮುಗಿಯಿತು. ಮುಂದಿನ ಗಂಟೆಗೆ ಮತ್ತೆ ಹಾರ ತರಿಸಿದರು.

"ಸ್ವಾಮಿ, ನೀವು ಮಾತಾಡ್ತಿರಿ, ನಾನು ಮೂಲೇಲಿ ಕೂತು ಓದ್ಕೊತೀನಿ," ಎಂದಳು ತುಂಗವ್ವ.

"ಗಣ್ಯರ ಎದುರು ಪುಸ್ತಕ ತೆರೆಯೋದು ಶಿಷ್ಟಾಚಾರವೇನಮ್ಮ?" ಎಂದ ಪ್ರಾಧಿಕಾರದ ಅಧಿಕಾರಿ.

"ನಮ್ಮಪ್ಪ ಒಳಗವ್ನೆ ಸ್ವಾಮಿ."

"ಚಿಂತಿಸಬೇಡ. ವೇದಿಕೆಯಿಂದ ಅವರ ಹೆಸರನ್ನೂ ಸ್ಮರಿಸೋಣ."

ಪರೀಕ್ಷೆಯವರೆಗೂ ಹೀಗೇ ನಡೆಯಿತು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಆ ರಾಜ್ಯದಲ್ಲಿ ಯಾರಿಗೂ ಉರಿದಂತಿಲ್ಲ, ಸಮಾರಂಭದಲ್ಲಿ ಕೇಸರಿಬಾತು ಕೊಡುತ್ತಿದ್ದರು.

ಪರೀಕ್ಷೆಯ ದಿನ ಸ್ವತಃ ಮಹಾರಾಜರೇ ದಯಮಾಡಿಸಿ ಪ್ರಶ್ನೆಪತ್ರಿಕೆಯನ್ನು ಲೋಕಾರ್ಪಣೆ ಮಾಡಿ ಭಾಷಣಕ್ಕೆ ನಿಂತರು. ಅವರು ಕೂರುವ ಹೊತ್ತಿಗೆ ಪರೀಕ್ಷೆಯ ವೇಳೆ ಮುಗಿದಿತ್ತು. ಎಲ್ಲರ ಹಾಳೆಯೂ ಖಾಲಿ. ಒಬ್ಬರೂ ತಪ್ಪು ಉತ್ತರ ಬರೆಯದ ಮೊದಲ ಪರೀಕ್ಷೆಯಿದೆಂದು ಆಸ್ಥಾನ ಹೆಮ್ಮೆಪಟ್ಟಿತು. ಅಂದು ವಂದನಾರ್ಪಣೆ ಮಾಡಿದವನು ಮಂತ್ರಿಗಳ ಅಳಿಯ. ಅವನೊಬ್ಬನನ್ನೇ ಪಾಸು ಮಾಡಿದರು; ಹಿಡಿದ ಕೆಲಸವನ್ನು ಮುಗಿಸಿದ್ದು ಅವನೊಬ್ಬನೇ ತಾನೆ. ಅವನನ್ನೇ ನ್ಯಾಯಾಧೀಶನನ್ನಾಗಿಯೂ ಮಾಡಿದರು. ಮಹಾರಾಜರಿಗೆ 'ಕಾಲಚಕ್ರವರ್ತಿ' ಎಂಬ ಬಿರುದು, ಬಿರುದಿನ ಖರ್ಚಿಗೆ ಮನೆಮನೆಗೂ ಸಮಯಸುಂಕ.

ಅಳಿಯದೇವರ ಮುಂದೆ ಬಂದ ಮೊದಲ ಮೊಕದ್ದಮೆ ಕೆಂಚಪ್ಪನದೇ. ತುಂಗವ್ವ ವಾದಿಸಲು ಎದ್ದಳು. ಪಾಸಾಗದವರಿಗೆ ಹಕ್ಕಿಲ್ಲವೆಂದು ಕೂರಿಸಿದರು. ದೀಪ, ಸ್ವಾಗತ, ಹಾರ ಎಲ್ಲ ಸಾವಕಾಶವಾಗಿ ನಡೆದವು. ತೀರ್ಪಿಗೆ ಮಾತ್ರ ಹೊತ್ತು ಹಿಡಿಯಲಿಲ್ಲ. ಹತ್ತು ವರ್ಷ ಸಜೆ. ಆಮೇಲೆ ವಂದನಾರ್ಪಣೆಗೆ ಕೆಂಚಪ್ಪನ ಹೆಸರನ್ನೇ ಕೂಗಿದರು. ಅವನು ಬೇಡಿ ಹಾಕಿದ ಕೈ ಜೋಡಿಸಿ, ಮಗಳ ಮುಖ ನೋಡಲಾರದೆ, "ಎಲ್ರಿಗೂ ವಂದನೆ," ಎಂದ. ಸಭೆ ಚಪ್ಪಾಳೆ ತಟ್ಟಿತು.