ಕುಲುಮೆ ತಿಂದ ನಂಬರು

ಎಲ್ಲ ರಗಳೆಗೂ ಕಾರಣ ಒಂದು ಕಪ್ಪು ಮಾರ್ಕರ್ ಪೆನ್ನು.

ಪ್ರಯೋಗಾಲಯದ ಸಹಾಯಕನನ್ನು ಎಲ್ಲರೂ ಗಡಿಬಿಡಿಯಣ್ಣ ಎಂದೇ ಕರೆಯುತ್ತಿದ್ದರು. ಆತ ಮೂರು ಗಾಜಿನ ಪಟ್ಟಿಗಳಿಗೆ ಟೈಟಾನಿಯಂ ಡೈಆಕ್ಸೈಡಿನ ತೆಳುಪದರ ಹಚ್ಚಿ, ಬೆನ್ನಿಗೆ ಮಾರ್ಕರಿನಲ್ಲಿ ದುಂಡಗೆ ನಂಬರು ಬರೆದು, ಒಂದನ್ನು ಮುನ್ನೂರು, ಇನ್ನೊಂದನ್ನು ನಾನೂರೈವತ್ತು, ಮತ್ತೊಂದನ್ನು ಆರುನೂರು ಡಿಗ್ರಿಯಲ್ಲಿ ಕುಲುಮೆಗೆ ಹಾಕಿ ಕಾಯಿಸಿದ್ದ. ಶಾಖ ಏರಿದಂತೆ ಪದರ ಹೇಗೆ ಬದಲಾಗುತ್ತದೆಂದು ಮೂರು ಗಂಟೆಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ತೋರಿಸಬೇಕು. ತೋರಿಸಿದರೆ ಕೆಲಸ ಖಾಯಂ; ಇಲ್ಲವಾದರೆ ನಾಳೆಯಿಂದ ಮನೆಯಲ್ಲಿ ಬಟ್ಟೆ ಮಡಿಸುವುದು.

ತಿರುಗಿಸಿ ನೋಡಿದರೆ ಪಟ್ಟಿಗಳ ಬೆನ್ನು ಆಗತಾನೆ ಮೀಯಿಸಿದ ಮಗುವಿನ ಬೆನ್ನಿನಂತೆ ಶುಭ್ರ! ಕುಲುಮೆ ಶಾಯಿಯನ್ನು ತಿಂದು ಬಾಯಿ ಒರೆಸಿಕೊಂಡಿತ್ತು.

ಪುಣ್ಯಕ್ಕೆ ತಟ್ಟೆಯಲ್ಲಿ ಡಿಗ್ರಿಯ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಕೋಣೆಯ ಲೇಸರ್ ಮೇಷ್ಟ್ರು ಒಳಗೆ ಬಂದರು.

“ಏನಯ್ಯಾ, ನಂಬರ್ ಹೋಯ್ತಾ? ಬಣ್ಣ ನೋಡಿದ್ರೆ ಗೊತ್ತಾಗುತ್ತೆ ಬಿಡು!” ಮೂರನ್ನೂ ಇಸ್ಪೀಟು ಎಲೆಗಳಂತೆ ಬಾಚಿಕೊಂಡು ಕಿಟಕಿಗೆ ಹಿಡಿದರು. “ಇದು ನೀಲಿ... ಇದೂ ನೀಲಿ... ಇದೂ ನೀಲಿನೇ. ಉಹ್ಞೂಂ, ಗೊತ್ತಾಗಲ್ಲ ಕಣಯ್ಯಾ!” ಎಂದವರೇ ಮೂರನ್ನೂ ಕಿಟಕಿಯ ಬಿಸಿಲಲ್ಲಿ ಹೇಗೆಂದರೆ ಹಾಗೆ ಬಿಟ್ಟು ಚಹಾಕ್ಕೆ ಹೋದರು.

ಗಡಿಬಿಡಿಯಣ್ಣ ಪಟ್ಟಿಗಳನ್ನು ತಿರುವಿ ತಿರುವಿ ನೋಡಿದ. ಹೆಂಡತಿಗೆ ಫೋನು ಮಾಡಿದ.

“ಎಲ್ಲ ಮುಗೀತು ಕಣೇ! ಒಂದು ತಿಂಗಳ ಕೆಲಸ, ಯಾವುದು ಯಾವುದೋ ಗೊತ್ತಾಗ್ತಿಲ್ಲ!”

“ಮೊದಲು ಉಸಿರು ಬಿಡಿ.”

“ಬಿಟ್ಟೆ.”

“ನಿಮ್ಮ ಪಾಡಿಗಲ್ಲ, ಗಾಜಿನ ಮೇಲೆ! ಮೊನ್ನೆ ಊಟ ಆರಿಹೋಗೋ ತನಕ ನೀವೇ ಕೊರೆದ್ರಲ್ಲ, ಹದವಾಗಿ ಕಾದ ಪದರ ಬಿಸಿಲಲ್ಲಿದ್ರೆ ಊದಿದ್ರೂ ಮಂಜು ಹಿಡಿಯಲ್ಲ, ಅರೆಬರೆ ಕಾದದ್ದು ಹಿಡಿಯುತ್ತೆ ಅಂತ?”

“ಮತ್ತೆ ಆರುನೂರರದ್ದು?”

“ಅಷ್ಟು ಉರಿಗೆ ಗಾಜೇ ಸೊಟ್ಟಗಾಗುತ್ತೆ ಅಂತಾನೂ ನೀವೇ ಹೇಳಿದ್ರಿ. ಮೇಜಿನ ಮೇಲಿಟ್ಟು ಒತ್ತಿ ನೋಡಿ, ನಮ್ಮನೆ ಸ್ಟೂಲಿನ ಹಾಗೆ ಕುಂಟುತ್ತೆ.”

ಒಂದು ಕುಂಟಿತು. ಇನ್ನೊಂದಕ್ಕೆ ಮಂಜು ಹಿಡಿಯಿತು. ಮೂರನೆಯದು ಎಷ್ಟು ಊದಿದರೂ ತಿಳಿಯಾಗಿಯೇ ಉಳಿಯಿತು. ಗಡಿಬಿಡಿಯಣ್ಣನ ಎದೆಯಿಂದ ರುಬ್ಬುವ ಕಲ್ಲು ಇಳಿದಂತಾಯಿತು.

ಮೂರಕ್ಕೆ ಸರಿಯಾಗಿ ಮೇಡಂ ಬಂದರು. ಪಟ್ಟಿ ತಿರುಗಿಸಿ, “ನಂಬರ್ ಎಲ್ರೀ?” ಎಂದರು. ಆತ ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟ. ಮೇಡಂ ತಾವೇ ಊದಿದರು, ತಾವೇ ಕುಂಟಿಸಿದರು. ಮುಖ ಅರಳಿತು.

“ನಿಮ್ಮನ್ನ ಕಳಿಸೋ ಮಾತೇ ಇಲ್ಲ ಬಿಡ್ರೀ. ಇಷ್ಟು ವರ್ಷ ನಿಮ್ಮಂಥವರಿಗೇ ಕಾಯ್ತಿದ್ದೆ.”

ಮೂಲೆಯ ಬೀರು ತೆರೆದರು. ಮೇಲಿಂದ ಕೆಳಗಿನವರೆಗೆ ಗಾಜಿನ ಪಟ್ಟಿಗಳು.

“ನಿಮಗಿಂತ ಮುಂಚೆ ಇದ್ದ ಆರು ಜನಾನೂ ಮಾರ್ಕರಲ್ಲೇ ಬರೆದಿದ್ರು. ಸಾವಿರದ ಇನ್ನೂರು ಇವೆ, ಒಂದಕ್ಕೂ ನಂಬರಿಲ್ಲ. ಬಿಸಿಲಿಗಿಡಿ, ಶುರು ಮಾಡಿ.”

ಸಂಜೆ ಆತ ಊದಿ ಊದಿ ಪಟ್ಟಿಗಳನ್ನು ಡಿಗ್ರಿ ಬರೆದ ಮೂರು ಡಬ್ಬಿಗಳಿಗೆ ಹಾಕುತ್ತಿದ್ದಾಗ ಹೆಂಡತಿಯ ಫೋನು ಬಂತು. “ಏನಾಯ್ತು ರೀ?”

“ಖಾಯಂ ಆಯ್ತು ಕಣೇ!” ಗಡಿಬಿಡಿಯಣ್ಣ ನೆಮ್ಮದಿಯ ನಿಟ್ಟುಸಿರು ಬಿಟ್ಟ. ಫೋನಿನ ಗಾಜಿಗೆ ಮಂಜು ಹಿಡಿಯಿತು. ಅದನ್ನೂ ಎತ್ತಿ ‘ಮುನ್ನೂರು ಡಿಗ್ರಿ’ಯ ಡಬ್ಬಿಗೆ ಹಾಕಿದ.