ಏಣಿಯ ಮೇಲೆ ಶಾರದಕ್ಕನ ವಿಚಾರಣೆ

ಕೆಲವರಿಗೆ ಸುಳ್ಳು ಹೇಳಲು ಒಂದು ಕಾರಣ ಬೇಕಾಗುತ್ತದೆ. ನನಗೆ ಕೇಳುವ ಕಿವಿಗಳಿದ್ದರೆ ಸಾಕು. ಅದರಲ್ಲೂ ಎದುರಿಗೆ ಕೂತವರು ನನಗಿಂತ ತುಂಬ ಚಿಕ್ಕವರಾಗಿದ್ದು, ಕೈಯಲ್ಲಿ ಬಿಸಿ ಚಹಾ ಇದ್ದರೆ, ನನ್ನ ಬಾಲ್ಯ ತನ್ನಷ್ಟಕ್ಕೇ ರೋಮಾಂಚಕವಾಗಿಬಿಡುತ್ತದೆ. ಮಹಾಪೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಆದದ್ದೂ ಇದೇ. ಹುಡುಗರು ಭಾನುವಾರ ನೇರಳ್ ಹತ್ತಿರದ ಪೇಬ್ ಕೋಟೆಗೆ ಟ್ರೆಕ್ಕಿಂಗ್ ಹೋಗುವ ಮಾತಾಡುತ್ತಿದ್ದರು. ಯಾರೂ ಕೇಳದಿದ್ದರೂ ನಾನು, “ನಾವೆಲ್ಲ ಘಟ್ಟದ ಕಡೆಯವರಪ್ಪ, ದಿನಾ ಬೆಟ್ಟ ಹತ್ತಿಳಿದೇ ಶಾಲೆಗೆ ಹೋದದ್ದು,” ಎಂದೆ. ಪ್ರಥಮೇಶ್ ಎಂಬ ಕಲ್ಯಾಣದ ಹುಡುಗ ಲೋಟ ಕೆಳಗಿಟ್ಟು, “ಮಗ್ ರಾವ್ ಸರ್, ತುಮ್ಹೀಚ್ ಲೀಡರ್!” ಎಂದು ನನ್ನ ನಾಯಕತ್ವವನ್ನು ಘೋಷಿಸಿಬಿಟ್ಟ.

ಡೊಂಬಿವಲಿಯ ಮನೆಗೆ ಬಂದು ಹೇಳಿದಾಗ ಹೆಂಡತಿ ವನಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಸ್ಟೇಷನ್ನಿನ ಬ್ರಿಜ್ ಹತ್ತುವಾಗ ನಡುವೆ ನಿಂತು ಜಾಹೀರಾತು ಓದುವವರು ನೀವು,” ಎಂದಳಷ್ಟೆ. ನಾನು ಹಟಕ್ಕೆ ಬಿದ್ದು ಹೊಸ ಶೂ ತಂದೆ. ಹೊಸ ಶೂ ಹಾಕಿಕೊಂಡರೆ ಕಾಲು ಹಳೆಯದೆಂಬುದು ಮರೆಯುತ್ತದೆ, ಸ್ವಲ್ಪ ಹೊತ್ತು.

ಭಾನುವಾರ ಬೆಳಿಗ್ಗೆ ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದೆವು. ಜೊತೆಗೆ ಆಫೀಸಿನ ಅಕ್ಷತಾ ಎಂಬ ಹುಡುಗಿಯೂ ಇದ್ದಳು. ಹುಬ್ಬಳ್ಳಿ ಕಡೆಯವರ ಮಗಳು, ಹುಟ್ಟಿದ್ದು ಡೊಂಬಿವಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇದರಿಂದ ನನಗೇನು ಅಪಾಯವೆಂದು ಆಗ ಹೊಳೆಯಲಿಲ್ಲ.

ಮೊದಲ ಏರಿನಲ್ಲೇ ನನಗೆ ಪ್ರಕೃತಿಪ್ರೇಮ ಉಕ್ಕಿ ಬಂತು. ಹೂ ಕಂಡರೆ ನಿಂತೆ, ಚಿಟ್ಟೆ ಕಂಡರೆ ನಿಂತೆ, ಕೊನೆಗೆ ಬರೀ ಬಂಡೆ ಕಂಡರೂ ಮೆಚ್ಚಿ ಅದರ ಮೇಲೆ ಕೂತೆ. ಆಗ ಒಂದು ಜೋಡಿ ನಮ್ಮನ್ನು ದಾಟಿ ಹೋಯಿತು. ಮುಂದೆ ದುಂಡಗಿನ ಹೆಂಗಸು, ಚೂಡಿದಾರ, ಓಡುವ ಶೂ, ಬಾಯಿ ತುಂಬ ಮರಾಠಿ ಮಾತು. ಹಿಂದೆ ದೊಡ್ಡ ಚೀಲ ಹೊತ್ತ ಗಂಡ, ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆಕೆ ನನ್ನನ್ನು ನೋಡಿ, “ಆರಾಮ್ ಕರಾ ಕಾಕಾ,” ಎಂದರು. ನನ್ನದೇ ವಯಸ್ಸಿನವರು ನನ್ನನ್ನು ಚಿಕ್ಕಪ್ಪನನ್ನಾಗಿ ಮಾಡಿದ್ದರು! ಆ ‘ಕಾಕಾ’ ಎಂಬ ಒಂದು ಶಬ್ದದ ಸಿಟ್ಟಿನಲ್ಲಿ ಮುಂದಿನ ದಾರಿಯನ್ನು ಹತ್ತಿದೆ.

ಮೇಲೆ, ಬಂಡೆಯೊಂದಕ್ಕೆ ಒರಗಿಸಿದ ಕಬ್ಬಿಣದ ಏಣಿ. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಮೋಡ. ಆ ಜೋಡಿ ಅಲ್ಲೇ ನೀರು ಕುಡಿಯುತ್ತಾ ನಿಂತಿತ್ತು. “ಲೀಡರ್ ಮೊದಲು,” ಎಂದು ಹುಡುಗರು ದಾರಿ ಬಿಟ್ಟರು. ನಾನು ಹತ್ತಿದೆ. ಆಕೆ ನನ್ನ ಹಿಂದೆಯೇ ಹತ್ತಿದರು, ಅವರ ಹಿಂದೆ ಗಂಡ, ಆಮೇಲೆ ನಮ್ಮ ಆಫೀಸು. ಅರ್ಧ ಏಣಿಯಲ್ಲಿ ಮೋಡ ಸ್ವಲ್ಪ ಸರಿಯಿತು. ಕೆಳಗೆ ನೇರಳ್ ಬೆಂಕಿಪೊಟ್ಟಣಗಳ ಹಾಗೆ ಕಂಡಿತು. ನನ್ನ ಕೈಕಾಲು ಅಲ್ಲೇ ಮುಷ್ಕರ ಹೂಡಿದವು. ಇಂಗ್ಲಿಷ್ ಹೋಯಿತು, ಹಿಂದಿ ಮರಾಠಿ ಹೋದವು, ಕನ್ನಡವೂ ಕೈಕೊಟ್ಟಿತು. ಹೊಟ್ಟೆಯೊಳಗಿಂದ ತುಳು ಎದ್ದು ಬಂತು: “ಅಯ್ಯೋ ದೇವೆರೆ, ಎನನ್ ಪತ್ತ್‌ಲೆ!” ನನ್ನನ್ನು ಹಿಡಿದುಕೊಳ್ಳಿ ಎಂದು ದೇವರಿಗೆ ಹೇಳಿದ್ದು.

ಉತ್ತರ ಕೆಳಗಿನಿಂದ ಬಂತು. “ಇರೆನ ಊರು ಓಲು?” ನಿಮ್ಮ ಊರು ಎಲ್ಲಿ ಎಂದು ಆಕೆ ಕೇಳುತ್ತಿದ್ದರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರ ಹಾಗೆ. ಮರಾಠಿಯವರೆಂದು ನಾನು ತಿಳಿದಿದ್ದ ಆಕೆ ನಮ್ಮ ಕಡೆಯವರೇ, ವಿಠ್ಠಲವಾಡಿಯಲ್ಲಿ ಹೋಟೆಲು ಇಟ್ಟಿರುವ ಶಾರದಕ್ಕ ಎಂದು ಆಮೇಲೆ ತಿಳಿಯಿತು.

“ಮಲ್ಪೆ,” ಎಂದೆ ಕಣ್ಣು ಮುಚ್ಚಿ.

“ಮಲ್ಪೆಯಾ! ಸಮುದ್ರದ ಹತ್ತಿರವಾ? ಅಲ್ಲಿ ಹತ್ತಲಿಕ್ಕೆ ಏನುಂಟು ಮಾರಾಯ್ರೆ, ತೆಂಗಿನ ಮರ ಬಿಟ್ಟರೆ? ಹಾಂ, ಬಲಗಾಲು ಮೇಲಿಡಿ.”

ಬಲಗಾಲು ಮೇಲೆ ಹೋಯಿತು. ಮಾತು ಆಗಲೇ ತುಳುವಿನಿಂದ ಕನ್ನಡಕ್ಕೆ ತಿರುಗಿತ್ತು. ಕೆಳಗೆ ಅಕ್ಷತಾ ಗಟ್ಟಿಯಾಗಿ ಹಿಂದಿಗೆ ಅನುವಾದಿಸತೊಡಗಿದಳು: “ಸರ್ ಕಾ ಗಾಂವ್ ಸಮುಂದರ್ ಕಿನಾರೇ ಹೈ. ಪಹಾಡ್ ಹೈ ಹೀ ನಹೀಂ!” ಸರ್ ಊರಲ್ಲಿ ಬೆಟ್ಟವೇ ಇಲ್ಲವೆಂದು ತಿಳಿದು ಏಣಿಯ ಉದ್ದಕ್ಕೂ ನಗು ಅಲುಗಿತು, ಏಣಿಯೂ ಅಲುಗಿತು.

“ತೆಂಗಿನ ಮರವಾದರೂ ಹತ್ತಿದ್ದೀರಾ?”

“ಇಲ್ಲ.”

“ಎಡಗಾಲು. ಮಕ್ಕಳೆಷ್ಟು? ಮಗಳಿಗೆ ಮದುವೆ ಆಯಿತಾ? ಬೀಪಿ ಉಂಟಾ? ಗುಳಿಗೆ ತಗೊಂಡಿರಾ?”

ಒಂದೊಂದು ಉತ್ತರಕ್ಕೆ ಒಂದೊಂದು ಮೆಟ್ಟಿಲು. ಮಗಳು ನೋಡಿದ ಗಂಡುಗಳನ್ನೆಲ್ಲ ಬೇಡವೆಂದದ್ದು, ನಾನು ಗೊರಕೆ ಹೊಡೆಯುವುದು, ಎಲ್ಲವೂ ಹೊರಬಂತು. ಎಲ್ಲವೂ ತಕ್ಷಣವೇ ಹಿಂದಿಗೂ ಹೋಯಿತು. ಕಣ್ಣು ತೆರೆದಾಗ ನಾನು ಮೇಲಿದ್ದೆ. ಜೀವ ಉಳಿದಿತ್ತು, ಮಾನ ಕೆಳಗೆ ಉಳಿದಿತ್ತು.

ಮೇಲಿನ ಗುಹೆಯಲ್ಲಿ ಶಾರದಕ್ಕ ಗಂಡನ ಚೀಲದಿಂದ ಗೋಳಿಬಜೆ ತೆಗೆದು ಎಲ್ಲರಿಗೂ ಹಂಚಿದರು. ನಾನು ಆ ಮೌನಿಯ ಪಕ್ಕ ಕೂತು, “ನಿಮಗೆ ಹೆದರಿಕೆಯೇ ಇಲ್ವಾ?” ಎಂದು ಕೇಳಿದೆ. ಅವರು ಹೆಂಡತಿ ದೂರ ಇರುವುದನ್ನು ಖಚಿತಪಡಿಸಿಕೊಂಡು ಪಿಸುಗುಟ್ಟಿದರು: “ನನ್ನನ್ನೂ ಮೊದಲು ಹೀಗೆಯೇ ಹತ್ತಿಸಿದ್ದು. ನನ್ನ ಹತ್ತಿರ ಕೇಳಲು ಈಗ ಏನೂ ಉಳಿದಿಲ್ಲ. ಅದಕ್ಕೆ ಪ್ರತಿ ಬೆಟ್ಟದಲ್ಲೂ ಹೊಸಬರನ್ನು ಹುಡುಕುತ್ತಾಳೆ.”

ಇಳಿಯಲೂ ಅದೇ ಏಣಿ. ನಾನು ನಿಂತೇಬಿಟ್ಟೆ. “ಅಕ್ಕ, ನನ್ನದೆಲ್ಲ ಹೇಳಿ ಆಯಿತಲ್ಲ. ಇನ್ನೇನು ಕೇಳ್ತೀರಿ?”

“ಇಳಿಯುವಾಗ ಹೆಂಡತಿ ಮನೆಯವರ ವಿಷಯ,” ಎಂದರು ಶಾರದಕ್ಕ.

ಅದು ಸರಾಗವಾಗಿ ಸಾಗಿತು. ಬಾಮೈದ ಸುರೇಶನೊಬ್ಬನೇ ಸಾಕಾದ. ರಬಾಳೆಯ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ನಮ್ಮ ಮನೆಗೆ ಬಂದು ಟಿವಿಯ ರಿಮೋಟ್ ಹಿಡಿದರೆ ಸಂಜೆಯವರೆಗೆ ಬಿಡುವುದಿಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಾಲು ನೆಲ ಮುಟ್ಟಿತ್ತು. ಕೃತಜ್ಞತೆಯ ಭರದಲ್ಲಿ ಮನೆಯ ಫೋನ್ ನಂಬರನ್ನೂ ಕೊಟ್ಟೆ.

ಎರಡು ದಿನ ಬಿಟ್ಟು ಆಫೀಸಿನಿಂದ ಬಂದಾಗ ವನಜ ಬಾಗಿಲಲ್ಲೇ ನಿಂತಿದ್ದಳು. “ವಿಠ್ಠಲವಾಡಿಯಿಂದ ಶಾರದಕ್ಕ ಎನ್ನುವವರು ಫೋನ್ ಮಾಡಿದ್ದರು. ಸುರೇಶನನ್ನು ಭಾನುವಾರ ಬೆಟ್ಟಕ್ಕೆ ಕಳಿಸಿ, ನಿಮ್ಮ ಯಜಮಾನರಿಗೆ ಸ್ವಲ್ಪ ಟಿವಿ ಸಿಗಲಿ ಎಂದರು. ಏನಿದು?” ಅದು ಏನೆಂದು ವಿವರಿಸಲು ನನಗೆ ಒಂದು ವಾರ ಹಿಡಿಯಿತು, ಆ ವಾರ ಪೂರ್ತಿ ಸಾರಿನಲ್ಲಿ ಉಪ್ಪಿರಲಿಲ್ಲ.

ಸುರೇಶ ಬೆಟ್ಟಕ್ಕೆ ಹೋದ. ಅವನಿಗೆ ಹಿಡಿಸಿಯೂ ಬಿಟ್ಟಿತು. ನಮ್ಮ ಆಫೀಸಿನ ಹುಡುಗರೂ ಈಗ ಶಾರದಕ್ಕನ ಗುಂಪನ್ನೇ ಸೇರಿದ್ದಾರೆ, ಅಕ್ಷತಾ ಸಮೇತ. ಭಾನುವಾರ ರಿಮೋಟ್ ನನ್ನ ಕೈಯಲ್ಲೇ ಇರುತ್ತದೆ. ಆದರೆ ಟಿವಿಯಲ್ಲಿ ಏನು ನಡೆಯುತ್ತಿದೆಯೆಂದು ನನ್ನ ತಲೆಗೆ ಹತ್ತುವುದಿಲ್ಲ. ಇಷ್ಟು ಹೊತ್ತಿಗೆ ಸುರೇಶ ಯಾವುದೋ ಏಣಿಯ ನಡುವೆ ಕಣ್ಣು ಮುಚ್ಚಿ ನಿಂತಿರುತ್ತಾನೆ, ಕೆಳಗಿನಿಂದ ಶಾರದಕ್ಕ, “ಬಲಗಾಲು ಮೇಲಿಡಿ. ನಿಮ್ಮ ಭಾವ ಮನೆಯಲ್ಲಿ ಹೇಗೆ?” ಎಂದು ಕೇಳುತ್ತಿರುತ್ತಾರೆ. ಏಣಿ ಎಷ್ಟು ಉದ್ದವಿದೆಯೋ, ಯಾರು ಬಲ್ಲರು.