ಎಂಬತ್ತನಾಲ್ಕು ಕೆಜಿಯ ಗೆಲುವು

ದಪ್ಪಗಿರುವವನ ಮೈ ಸಾರ್ವಜನಿಕ ಆಸ್ತಿ. ಯಾರು ಬೇಕಾದರೂ ಅದರ ಬಗ್ಗೆ ಅಭಿಪ್ರಾಯ ಕೊಡಬಹುದು. ದೊಡ್ಡಬಳ್ಳಾಪುರದಿಂದ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗುವಾಗ ಪಕ್ಕದವರು ದಿನಾ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತಾರೆ. ಏನು ಮಾಡಲಿ, ಹೊಟ್ಟೆ ಬಿಚ್ಚಿ ಕಂಡಕ್ಟರ್ ಕೈಗೆ ಕೊಡಲೇ? ಕಾರ್ಖಾನೆಯವರೆಲ್ಲ ಮಾಕಳಿದುರ್ಗದ ಬೆಟ್ಟ ಹತ್ತಲು ಹೋದಾಗ ಚಿತ್ರಾನ್ನದ ಡಬ್ಬಿ ಕಾಯಲು ಕೆಳಗೆ ಬಿಟ್ಟದ್ದು ನನ್ನನ್ನೇ. ಅವರು ಇಳಿದು ಬರುವಷ್ಟರಲ್ಲಿ ಡಬ್ಬಿ ಹಗುರವಾಗಿತ್ತು ಎನ್ನುವುದು ಬೇರೆ ಮಾತು.

ಇಂಥ ನನಗೆ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಆಟ ಸಿಕ್ಕಿತು. ಕಾರ್ಖಾನೆಯ ಜಿಮ್ಮಿಗೆ, ಕೂತಲ್ಲೇ ದೋಣಿಯ ಹುಟ್ಟು ಹಾಕುವ ಯಂತ್ರ ಬಂತು. ಜಾರುವ ಸೀಟಿನಲ್ಲಿ ಕೂತು ಹಿಡಿಯನ್ನು ಎದೆಗೆ ಎಳೆಯಬೇಕು, ಅಷ್ಟೇ. ನೀರು ಬೇಡ, ಬೋರ್‌ವೆಲ್ಲುಗಳೇ ಒಣಗುವ ತಾಲ್ಲೂಕಿಗೆ ಹೇಳಿ ಮಾಡಿಸಿದ ದೋಣಿ. ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆದೆ ನೋಡಿ, ವಾರ್ಷಿಕೋತ್ಸವದ ಸ್ಪರ್ಧೆಯಲ್ಲಿ ಐನೂರು ಮೀಟರನ್ನು ನನಗಿಂತ ಬೇಗ ಯಾರೂ ಮುಗಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನ್ನ ಮೈಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಗೆದ್ದವರ ಹೆಸರನ್ನು ಕ್ಯಾಂಟೀನಿನ ಬೋರ್ಡಿನಲ್ಲಿ ಬರೆಸುತ್ತಾರೆ. ಆ ಹೆಸರು ನನ್ನದೇ ಎಂದು ಕೂತಲ್ಲೇ ಹಿಗ್ಗಿದೆ.

ಆಗ ಎಚ್‌ಆರ್ ಮೇಡಂ ಮೈಕ್ ಹಿಡಿದರು. "ಇನ್ನೂ ಮುಗ್ದಿಲ್ಲ. ಅವರವರ ತೂಕ ನೋಡಿ ಟೈಮ್ ಅಡ್ಜಸ್ಟ್ ಮಾಡ್ಬೇಕು. ತೂಕ ಕಮ್ಮಿ ಇದ್ದೋರಿಗೆ ಜಾಸ್ತಿ ಸೆಕೆಂಡ್ ಕಳೀತೀವಿ."

ನನಗೆ ಮೈಯೆಲ್ಲ ಉರಿಯಿತು. ಬಸ್ಸಿನ ಸೀಟು, ಕಾರ್ಖಾನೆಯ ಯೂನಿಫಾರಂ, ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿ, ಯಾವುದೂ ಇಷ್ಟು ವರ್ಷ ನನ್ನ ತೂಕಕ್ಕೆ ಅಡ್ಜಸ್ಟ್ ಆಗಲಿಲ್ಲ. ನಾನು ಗೆದ್ದ ದಿನವೇ ಲೋಕಕ್ಕೆ ನ್ಯಾಯ ನೆನಪಾಯಿತು! ಎರಡನೆಯವನು ಪ್ಯಾಕಿಂಗಿನ ಮುನಿರಾಜು, ಗುತ್ತಿಗೆ ಕೆಲಸಗಾರ, ಐವತ್ತೆಂಟು ಕೆಜಿ. ಲೆಕ್ಕ ಹಾಕಿದರೆ ಗೆಲ್ಲಬೇಕಾದವನು ಅವನೇ.

ಆದರೆ ಸೆಕೆಂಡು ಕಳೆದು ನೋಡಿದಾಗಲೂ ಒಂದೇ ಸೆಕೆಂಡಿನ ಅಂತರದಲ್ಲಿ ನಾನೇ ಗೆದ್ದಿದ್ದೆ. ಕಾರಣ ನನಗೊಬ್ಬನಿಗೇ ಗೊತ್ತು. ಫಾರಂ ತುಂಬುವಾಗ ಅಕೌಂಟ್ಸಿನ ಹೆಂಗಸರು ಬೆನ್ನ ಹಿಂದೆಯೇ ನಿಂತಿದ್ದರು. ತೂಕದ ಕಾಲಮ್ಮಿನಲ್ಲಿ ತೊಂಬತ್ತೆಂಟು ಬರೆಯಲು ಕೈ ಬರದೆ ಎಂಬತ್ತನಾಲ್ಕು ಬರೆದಿದ್ದೆ. ನಾಚಿಕೆಗೆ ಹೇಳಿದ ಸುಳ್ಳು ಈಗ ಮೋಸವಾಗಿ ಕೂತಿತ್ತು.

ಮುನಿರಾಜು ಬಂದು ಕೈ ಕುಲುಕಿದ. "ಒಂದೇ ಸೆಕೆಂಡ್ ಸಾರ್! ಬೋರ್ಡಲ್ಲಿ ಹೆಸ್ರು ಬಂದ್ರೆ ಫೋಟೋ ಹೊಡ್ದು ತೋರಿಸ್ತೀನಿ ಅಂತ ಮಗಳಿಗೆ ಹೇಳ್ಬಿಟ್ಟಿದ್ದೆ. ಹೋಗ್ಲಿ ಬಿಡಿ."

ಎರಡು ದಿನ ಊಟ ಸೇರಲಿಲ್ಲ. ಅಂದರೆ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಮೂರನೆಯ ದಿನ ಎಚ್‌ಆರ್ ಕೋಣೆಗೆ ಹೋಗಿ, ನನ್ನ ತೂಕ ತೊಂಬತ್ತೆಂಟು, ಗೆದ್ದವನು ಮುನಿರಾಜು ಎಂದು ಒಪ್ಪಿಕೊಂಡೆ.

ಮೇಡಂ ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. "ಗೊತ್ತು ಸಾರ್. ನಿಮ್ಮನ್ನ ನೋಡಿ ಎಂಬತ್ನಾಲ್ಕು ಅಂದ್ರೆ ಯಾರ್ ನಂಬ್ತಾರೆ? ಗುತ್ತಿಗೆಯವರ ಹೆಸರು ಬೋರ್ಡಿಗೆ ಹಾಕೋ ಹಾಗಿಲ್ಲ. ಸ್ಪರ್ಧೆಗೆ ಜನ ಕಮ್ಮಿ ಆಗ್ತಾರೆ ಅಂತ ಸೇರಿಸ್ಕೊಂಡಿದ್ವಿ. ನೀವು ಹಾಗೆ ಬರ್ದಿದ್ದು ನಮಗೂ ಒಳ್ಳೇದೇ ಆಯ್ತು."

ಎಂಥ ಅನ್ಯಾಯ! ಮುನಿರಾಜುವಿನ ಪರವಾಗಿ ನಾಲ್ಕು ಮಾತು ಖಾರವಾಗಿ ಆಡಲೇಬೇಕೆಂದು ಎದೆಯುಬ್ಬಿಸಿ ಬಾಯಿ ತೆರೆದೆ.

"ಹಾಗಾದ್ರೆ ಬೋರ್ಡಿಗೆ ನನ್ ಹೆಸ್ರು ಯಾವತ್ತು ಬರೆಸ್ತೀರಾ ಮೇಡಂ?" ಅಂದೆ.